ರಾಮನ್ ಲೈಡಾರ್‌ನಲ್ಲಿ ನೀರಾವಿ ಅಳೆಯುವ ಬಗೆ

ರಾಮನ್ ಲೈಡಾರ್ ಎಂದರೆ ಆಕಾಶಕ್ಕೆ ಲೇಸರ್ ಬಿಟ್ಟು, ಗಾಳಿಯ ಅಣುಗಳಿಂದ ಬೇರೆ ತರಂಗಾಂತರದಲ್ಲಿ ಮರಳುವ ಬೆಳಕನ್ನು (ರಾಮನ್ ಬೆಳಕು) ಅಳೆಯುವ ಉಪಕರಣ. ಕತ್ತಲಾದ ಮೇಲೆಯೇ ಶುರು ಮಾಡಿ. ನೀರಾವಿಯಿಂದ ಮರಳುವ ರಾಮನ್ ಬೆಳಕು ತೀರಾ ಮಂಕು. ಹಗಲ ಬೆಳಕು ಅದನ್ನು ನುಂಗಿಬಿಡುತ್ತದೆ. 354.7 ನ್ಯಾನೋಮೀಟರಿನ ಲೇಸರ್ ಬಿಟ್ಟಾಗ ಸಾರಜನಕದ ಬೆಳಕು 386.7ರಲ್ಲಿ, ನೀರಾವಿಯದು 407.5ರಲ್ಲಿ ಬರುತ್ತದೆ. ಈ ಲೇಸರ್ ಕಣ್ಣಿಗೆ ಕಾಣದು, ಆದರೆ ಕಣ್ಣು ಕೆಡಿಸುತ್ತದೆ. 355ಕ್ಕೆಂದೇ ಮಾಡಿದ ಕನ್ನಡಕವಿಲ್ಲದೆ ಮುಚ್ಚಳ ತೆಗೆಯಬೇಡಿ. ವಿಮಾನ ಸಂಚಾರ ನಿಯಂತ್ರಣದವರ ಒಪ್ಪಿಗೆ ಮೊದಲೇ ಪಡೆದಿರಿ.

ಸೆಕೆಂಡಿಗೆ 20 ಪಲ್ಸ್ ಬಿಡುವ ಲೇಸರಾದರೆ 10 ನಿಮಿಷದಲ್ಲಿ 12,000 ಪಲ್ಸ್ ಕೂಡುತ್ತವೆ. ಎತ್ತರ ಹೆಚ್ಚಿದಂತೆ ಇನ್ನಷ್ಟು ಹೊತ್ತಿನದನ್ನು ಕೂಡಿಸಬೇಕು. ಮರಳಿದ ಬೆಳಕನ್ನು ಎಣಿಸುವ 50 ನ್ಯಾನೋಸೆಕೆಂಡಿನ ಒಂದು ಕಾಲದ ತುಂಡು (ಬಿನ್) ಎಂದರೆ 7.5 ಮೀಟರ್ ಎತ್ತರ.

ಲೆಕ್ಕದಲ್ಲಿ ಮೊದಲು ಡೆಡ್ ಟೈಮ್ (ಒಂದು ಬೆಳಕಿನ ಕಣ ಎಣಿಸಿದ ಮೇಲೆ ಡಿಟೆಕ್ಟರ್ ಇನ್ನೊಂದನ್ನು ಎಣಿಸಲಾಗದ ಕ್ಷಣ) ಸರಿಪಡಿಸಿ, ಆಮೇಲೆ ಹಿನ್ನೆಲೆ ಬೆಳಕನ್ನು ಕಳೆಯಿರಿ. ಹಿಂದುಮುಂದು ಮಾಡಿದರೆ ತಪ್ಪು: ಡಿಟೆಕ್ಟರ್ ತಪ್ಪಿಸಿಕೊಂಡ ಎಣಿಕೆ ಒಟ್ಟು ಬೆಳಕಿನದು. ಡೆಡ್ ಟೈಮ್ 4 ನ್ಯಾನೋಸೆಕೆಂಡ್, ಎಣಿಕೆ 20 ಮೆಗಾಹರ್ಟ್ಸ್ ಇದ್ದರೆ 8% ಕಳೆದುಹೋಗಿರುತ್ತದೆ. ಹೆಚ್ಚು ಪ್ರಖರವಾದ ಸಾರಜನಕದ ಚಾನೆಲ್ಲೇ ಹೆಚ್ಚು ಕಳೆದುಕೊಳ್ಳುವುದರಿಂದ, ಸರಿಪಡಿಸದಿದ್ದರೆ ನೆಲದ ಹತ್ತಿರದ ಗಾಳಿ ಇಲ್ಲದ ತೇವ ತೋರಿಸುತ್ತದೆ. ಆಮೇಲೆ ನೀರಾವಿಯ ಸಂಕೇತವನ್ನು ಸಾರಜನಕದ್ದರಿಂದ ಭಾಗಿಸಿ. 387ರ ಬೆಳಕು ದಾರಿಯಲ್ಲಿ ಹೆಚ್ಚು ಚದುರುತ್ತದೆ. ಸಮುದ್ರ ಮಟ್ಟದಿಂದ 8 ಕಿ.ಮೀ. ಹೋಗುವಷ್ಟರಲ್ಲಿ ಅನುಪಾತ ಸುಮಾರು 5% ಉಬ್ಬಿರುತ್ತದೆ, ಅದನ್ನೂ ತಿದ್ದಿ.

ಇಷ್ಟಾದರೂ ಕೈಯಲ್ಲಿರುವುದು ಬರೀ ಅನುಪಾತ. ಗ್ರಾಂ ಲೆಕ್ಕಕ್ಕೆ ತರಲು ಹವಾಮಾನ ಬಲೂನು ಬೇಕು. ಬೆಂಗಳೂರಿನಲ್ಲಾದರೆ ಬೆಳಗಿನ 5:30ರ ವೀಕ್ಷಣೆಯ ಬಲೂನನ್ನೇ ಹಿಡಿಯಿರಿ. ಸಂಜೆಯದು ಹಾರುವಾಗ ಇನ್ನೂ ಬೆಳಕಿರುತ್ತದೆ. ಉದಾಹರಣೆಗೆ 910 ಹೆಕ್ಟೋಪ್ಯಾಸ್ಕಲ್, 25 ಡಿಗ್ರಿ, ಆರ್ದ್ರತೆ 60% ಎಂದುಕೊಳ್ಳಿ. 25 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವವಾದಾಗಿನ ಆವಿಯ ಒತ್ತಡ 31.7 ಹೆಕ್ಟೋಪ್ಯಾಸ್ಕಲ್. ಅದರ 60%, ಅಂದರೆ 19. 622 × 19 ÷ (910 − 19) = ಕಿಲೋ ಒಣ ಗಾಳಿಗೆ 13.3 ಗ್ರಾಂ. ಹೀಗೆ ಎತ್ತರ ಎತ್ತರಕ್ಕೂ ಹೋಲಿಸಿ, ಅನುಪಾತವನ್ನು ಗ್ರಾಂಗೆ ತರಲು ಗುಣಿಸಬೇಕಾದ ಒಂದೇ ಸ್ಥಿರಾಂಕ ತೆಗೆಯಿರಿ. ಬಲೂನು ಗಾಳಿಗೆ ಸಿಕ್ಕಿ ದೂರ ಹೋಗುತ್ತದಾದ್ದರಿಂದ ತೀರಾ ಮೇಲಿನ ಹೋಲಿಕೆ ನಂಬಬೇಡಿ. ಸ್ಥಿರಾಂಕ ಎತ್ತರದೊಂದಿಗೆ ಓರೆಯಾಗಿ ಸರಿದರೆ ಸರಾಸರಿ ಹಾಕಿ ಮುಚ್ಚಿಬಿಡುವ ಚಾಳಿ ಬೇಡ, ದೋಷ ಹುಡುಕಿ.

ಎಲ್ಲಕ್ಕಿಂತ ಮೋಸ ಮಾಡುವುದು ಸೋರಿಕೆ, ಅಂದರೆ ಲೇಸರಿನ ಬೆಳಕೇ ನೀರಾವಿಯ ಚಾನೆಲ್ಲಿಗೆ ನುಸುಳುವುದು. 10-12 ಕಿ.ಮೀ. ಎತ್ತರದ ಹಿಮಮೋಡ ಹಾದುಹೋಗುವ ರಾತ್ರಿ 407ರ ಗೆರೆ ನೋಡಿ. ಆ ಚಳಿಯಲ್ಲಿ ಆವಿ ಇರುವುದೇ ಅತ್ಯಲ್ಪ. ಮೋಡವಿರುವ ಕಡೆಯೇ ಚೂಪಾಗಿ ಮೇಲೆದ್ದರೆ ಅದು ಆವಿಯಲ್ಲ, 355ರ ಬೆಳಕು ಫಿಲ್ಟರ್ ದಾಟಿ ನುಸುಳುತ್ತಿದೆ. 355 ತಡೆಯುವ ಇನ್ನೊಂದು ಫಿಲ್ಟರ್ ಸೇರಿಸಿ. ಕೆಳಗಿನ ನೀರಿನ ಮೋಡದಲ್ಲಿ ಉಬ್ಬು ಕಂಡರೆ ಗಾಬರಿ ಬೇಡ: ಹನಿಗಳ ರಾಮನ್ ಬೆಳಕೂ ಹತ್ತಿರದಲ್ಲೇ, 403ರ ಸುಮಾರಿಗೆ ಬರುತ್ತದೆ. ಕಾಡಿನ ಬೆಂಕಿಯ ಹೊಗೆ ಪದರ ಮಾತ್ರ ಬೇರೆ ಕತೆ. ಹೊಗೆಯ ಕಣಗಳೇ ಪ್ರತಿದೀಪ್ತಿಯಿಂದ (ಲೇಸರ್ ಹೀರಿ ಬೇರೆ ಬಣ್ಣದ ಬೆಳಕು ಬಿಡುವುದರಿಂದ) ಹೊಳೆದು 407ಕ್ಕೂ ಬೆಳಕು ಸುರಿಯುತ್ತವೆ, ಯಾವ ಫಿಲ್ಟರೂ ಅದನ್ನು ಪೂರ್ತಿ ತಡೆಯದು. ಆ ಪದರದ ಅಂಕಿಗಳಿಗೆ ಗುರುತು ಹಾಕಿ ಬಳಕೆಯಿಂದ ಬಿಟ್ಟುಬಿಡಿ.