ನಮ್ಮ ಆಫೀಸಿನ ಬ್ರೌಸರ್ ಪಟ್ಟಿ ಮಾಡಿದ್ದು ಹೀಗೆ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವ ಕೆಲಸ ನನ್ನದು. "ಇದು ಕ್ರೋಮ್‌ನಲ್ಲಿ ಬರ್ತಿಲ್ಲ ಸಾರ್", "ಫೈರ್‌ಫಾಕ್ಸ್‌ನಲ್ಲಿ ಸಹಿ ಬೀಳ್ತಿಲ್ಲ ಸಾರ್" ಅನ್ನುವ ಫೋನುಗಳಿಗೆ ಓಡಾಡಿ ಸಾಕಾಗಿ, ಯಾವ ಬ್ರೌಸರಿಗೆ ನಾನು ಜವಾಬ್ದಾರ, ಯಾವುದಕ್ಕಲ್ಲ ಎಂದು ಬರೆದು ಹಾಕಲು ಹೊರಟೆ.

ಯಾವುದು ಫಾಸ್ಟು, ಯಾವುದು ಮೆಮೊರಿ ತಿನ್ನುತ್ತೆ ಎಂದು ಹೋಲಿಸುವ ಗೋಜಿಗೆ ಹೋಗಲಿಲ್ಲ. ಪ್ರತಿ ಟೇಬಲ್ಲಿಗೂ ಹೋಗಿ, ದಿನಾ ಏನೇನು ತೆರೀತೀರಿ ಎಂದು ಕೇಳಿ ಗುರುತು ಹಾಕಿಕೊಂಡೆ. ಮೇಲ್, ಬ್ಯಾಂಕು, ಇ-ವೇ ಬಿಲ್ ಎಲ್ಲಾದರೂ ನಡೆಯುತ್ತವೆ.

ತಲೆನೋವಾಗಿದ್ದು ಕ್ಯಾಮೆರಾ ಚಿತ್ರಗಳನ್ನು ದಾಖಲಿಸುವ ಹಳೇ ಸಿಸಿಟಿವಿ ಪೆಟ್ಟಿಗೆ, ಅಂದರೆ ಡಿವಿಆರ್. ಅದರ ಪುಟ ಆಕ್ಟಿವ್‌ಎಕ್ಸ್ ಎಂಬ ಮೈಕ್ರೋಸಾಫ್ಟಿನ ಹಳೇ ಜೋಡಣೆ ಇಲ್ಲದೆ ಚಿತ್ರವನ್ನೇ ತೋರಿಸುವುದಿಲ್ಲ. ಆಕ್ಟಿವ್‌ಎಕ್ಸ್ ಬೇಕೆಂದರೆ ಇಂಟರ್ನೆಟ್ ಎಕ್ಸ್‌ಪ್ಲೋರರೇ ಆಗಬೇಕು, ಅದಕ್ಕೋ 2022ರ ಜೂನ್ 15ರಂದು ಮೈಕ್ರೋಸಾಫ್ಟೇ ಎಳ್ಳುನೀರು ಬಿಟ್ಟಾಗಿದೆ. ಉಳಿದಿರುವ ದಾರಿ ಮೈಕ್ರೋಸಾಫ್ಟಿನದೇ ಈಗಿನ ಬ್ರೌಸರ್ ಎಡ್ಜ್‌ನ ಒಳಗಿರುವ, ಪುಟವನ್ನು ಹಳೇ ಎಕ್ಸ್‌ಪ್ಲೋರರಿನಂತೆಯೇ ತೆರೆಯುವ ಐಇ ಮೋಡ್. ಅದನ್ನು 2029ರವರೆಗಾದರೂ ಇಟ್ಟುಕೊಳ್ಳುತ್ತೇವೆ ಎಂದು ಕಂಪನಿ ಹೇಳಿದೆ. ಸೆಟಿಂಗ್ಸ್‌ಗೆ ಹೋಗಿ ನಾವೇ ವಿಳಾಸ ಸೇರಿಸಿದರೆ 30 ದಿನಕ್ಕೆ ಅದರ ಅವಧಿ ಮುಗಿಯುತ್ತದೆ. ಸೆಕ್ಯುರಿಟಿಯವರು ತಿಂಗಳಿಗೊಮ್ಮೆ "ಕ್ಯಾಮೆರಾ ಹೋಯ್ತು" ಅನ್ನುತ್ತಿದ್ದುದರ ಗುಟ್ಟು ಇದೇ! ಡಿವಿಆರ್ ವಿಳಾಸವನ್ನು ಎಕ್ಸ್‌ಎಂಎಲ್ ಪಟ್ಟಿಯೊಂದಕ್ಕೆ ಹಾಕಿ, ಒಂದೇ ಕಡೆಯಿಂದ ಸೆಟಿಂಗ್ ಹಂಚುವ ಗ್ರೂಪ್ ಪಾಲಿಸಿಯಿಂದ ಎಲ್ಲ ಕಂಪ್ಯೂಟರುಗಳಿಗೂ ಕಳಿಸಿದ ಮೇಲೆ ಆ ಕಾಟ ತಪ್ಪಿತು. ಈಗ ವಿಳಾಸ ಹೊಡೆದ ಕೂಡಲೇ ಅದರ ಎಡಕ್ಕೆ ಹಳೇ ಎಕ್ಸ್‌ಪ್ಲೋರರಿನ 'ಇ' ಬಂದು ಕೂರುತ್ತದೆ. ಆ ಪಟ್ಟಿಯಲ್ಲಿರುವುದು ಆಫೀಸಿನೊಳಗಿನ ವಿಳಾಸ ಮಾತ್ರ. ಹೊರಗಿನ ಸೈಟು ಸೇರಿಸಿ ಎಂದು ಯಾರೇ ಕೇಳಿದರೂ ನಾನು ಒಪ್ಪುವುದಿಲ್ಲ.

ಜಿಎಸ್‌ಟಿ ಸೈಟಿನಲ್ಲಿ ಹಾಕುವ ಡಿಜಿಟಲ್ ಸಹಿಯ ವಿಷಯದಲ್ಲಿ ಬ್ರೌಸರನ್ನು ಬೈದು ಪ್ರಯೋಜನವಿಲ್ಲ. ಜಾವಾ ಆ್ಯಪ್ಲೆಟ್ ಎಂಬ, ಪುಟದೊಳಗೇ ನಡೆಯುವ ಪುಟ್ಟ ಪ್ರೋಗ್ರಾಮುಗಳನ್ನು ಓಡಿಸುವ ಪ್ಲಗಿನ್ನನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕಿತ್ತುಹಾಕಿದವು. ಈಗ ಸಹಿ ಹಾಕಿಸುವುದು ಕಂಪ್ಯೂಟರಿನಲ್ಲೇ ಬೇರೆಯಾಗಿ ಓಡುವ ಎಂಸೈನರ್ ಎಂಬ ಪ್ರೋಗ್ರಾಮು. ಅದು ಚಾಲೂ ಇದೆಯೇ, ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿಯ (ಡಿಎಸ್‌ಸಿ ಟೋಕನ್) ಡ್ರೈವರ್ ಕೂತಿದೆಯೇ ಎಂದು ಮೊದಲು ನೋಡಿ ಎಂದು ಅಕೌಂಟ್ಸ್‌ನವರಿಗೆ ಒಂದು ಚೀಟಿ ಬರೆದುಕೊಟ್ಟೆ.

ಕೊನೆಗೆ ಎಡ್ಜ್, ಕ್ರೋಮ್ ಎರಡಕ್ಕೂ ನಾನು ಹೊಣೆ ಎಂದಾಯಿತು. 2020ರಿಂದ ಎರಡೂ ಕ್ರೋಮಿಯಂ ಎಂಬ ಒಂದೇ ಬುನಾದಿಯ ಮೇಲೆ ನಿಂತಿವೆ, ಹಾಗಾಗಿ ಒಂದರಲ್ಲಿ ಸರಿಯಾಗಿ ಬಂದ ಪುಟ ಇನ್ನೊಂದರಲ್ಲೂ ಬರುತ್ತದೆ. ನನಗೇನೂ ಕೆಲಸ ಎರಡರಷ್ಟಾಗುವುದಿಲ್ಲ. ಹಾಗಿದ್ದರೆ ಎಡ್ಜ್ ಒಂದೇ ಸಾಲದೇ ಎಂದು ಮ್ಯಾನೇಜರ್ ಕೇಳಿದರು. ಸಾಕಿತ್ತು. ಆದರೆ ಅರ್ಧ ಆಫೀಸಿನ ಬುಕ್‌ಮಾರ್ಕು ಕ್ರೋಮ್‌ನಲ್ಲಿದೆ, ಆ ಜಗಳ ನನಗೆ ಬೇಡವಾಗಿತ್ತು. ಫೈರ್‌ಫಾಕ್ಸ್ ಬೇಕಾದವರು ಹಾಕಿಕೊಳ್ಳಲಿ, ತೊಂದರೆಯಾದರೆ ನನ್ನನ್ನು ಕರೆಯುವಂತಿಲ್ಲ.

ಒಂದೇ ಒಂದು ವಿನಾಯಿತಿ, ತೂಕದ ಯಂತ್ರಕ್ಕೆ ಜೋಡಿಸಿರುವ ವಿಂಡೋಸ್ 7 ಕಂಪ್ಯೂಟರು. ಅದಕ್ಕೆ ಕ್ರೋಮ್‌ನ 109ನೇ ಆವೃತ್ತಿಯ ಆಚೆಯದು ಬರುವುದಿಲ್ಲ. ಆಮೇಲೂ ವರ್ಷಗಟ್ಟಲೆ ಭದ್ರತಾ ಪ್ಯಾಚ್ ಸಿಕ್ಕಿದ್ದು ಫೈರ್‌ಫಾಕ್ಸ್‌ನ ದೀರ್ಘ ಬೆಂಬಲದ ಆವೃತ್ತಿಯಾದ 115 ಇಎಸ್‌ಆರ್‌ಗೆ. ಅದನ್ನೇ ಹಾಕಿ, ಹೊರಗಿನ ಇಂಟರ್ನೆಟ್ ಮುಚ್ಚಿದೆ. ತೂಕದ ಚೀಟಿಯ ಪುಟ ಬಿಟ್ಟು ಅದರಲ್ಲಿ ಬೇರೇನೂ ತೆರೆಯುವುದಿಲ್ಲ.