ಫ್ಯಾಂಟಸಿ ಬೇಸ್‌ಬಾಲ್ ಲೀಗ್: ಮಿತಿ ಮೊದಲು, ಮಾದರಿ ಆಮೇಲೆ

ನಿಜವಾದ ಆಟಗಾರರನ್ನು ಆರಿಸಿ, ಅವರ ಅಂಕಿ-ಅಂಶದ ಮೇಲೆ ಪೈಪೋಟಿ ಮಾಡುವ ಬೇಸ್‌ಬಾಲ್ ಲೀಗ್ ಮಾಡೋಣ ಎಂದಾಗ ಎಲ್ಲರೂ ಮೊದಲು ಕೇಳುವುದು ‘ರೋಟೋನಾ, ಹೆಡ್ ಟು ಹೆಡ್ಡಾ?’ ಅಂತ; ಅಂದರೆ ಇಡೀ ಸೀಸನ್‌ನ ಶ್ರೇಯಾಂಕವೋ, ವಾರವಾರ ಒಬ್ಬ ಎದುರಾಳಿಯೋ ಎಂದು. ಲೀಗ್ ನಡೆಸುವ ಕಮಿಷನರ್ ಆದವನಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಆಡುವವರು ಲೈನಪ್ (ಯಾರನ್ನು ಆಡಿಸುವುದೆಂಬ ಪಟ್ಟಿ) ದಿನಾ ನೋಡುತ್ತಾರೋ, ವಾರಕ್ಕೊಮ್ಮೆಯೋ, ಇಲ್ಲ ಮಾರ್ಚ್‌ನಲ್ಲಿ ಡ್ರಾಫ್ಟ್ (ಆಟಗಾರರ ಆಯ್ಕೆ) ಮುಗಿಸಿ ಮರೆತುಬಿಡುವವರೋ ಎಂಬುದು. ಐಪಿಎಲ್ ಫ್ಯಾಂಟಸಿ ಆಡಿ ರೂಢಿಯಾದವರು ಇಲ್ಲೇ ಎಡವುತ್ತಾರೆ. ಅದು ಎರಡು ತಿಂಗಳ ಆಟ. ಇಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳು ತಲಾ 162 ಪಂದ್ಯ ಆಡುತ್ತವೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ಪ್ರತಿದಿನ. ಅರ್ಧ ಜನ ಅಮೆರಿಕದಲ್ಲಿ, ಅರ್ಧ ಜನ ಬೆಂಗಳೂರಿನಲ್ಲಿ ಇರುವ ಲೀಗ್ ಆದರೆ ಗಡಿಯಾರವೂ ಲೆಕ್ಕಕ್ಕೆ ಬರುತ್ತದೆ. ನ್ಯೂಯಾರ್ಕ್‌ನ ಸಂಜೆ 7:05ರ ಪಂದ್ಯ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಜಾವ 4:35ಕ್ಕೆ. ತಂಡಗಳು ಆ ದಿನದ ಬ್ಯಾಟಿಂಗ್ ಪಟ್ಟಿ ಹಾಕುವುದೇ ನಡುರಾತ್ರಿ ಕಳೆದ ಮೇಲೆ. ದಿನದ ಲೈನಪ್ ಇಟ್ಟರೆ ಜೂನ್ ಹೊತ್ತಿಗೆ ಬೆಂಗಳೂರಿನ ತಂಡಗಳು ಅನಾಥವಾಗುತ್ತವೆ. ಇಂಥ ಲೀಗ್‌ಗೆ ಸೋಮವಾರ ಬೀಗ ಬೀಳುವ ವಾರದ ಲೈನಪ್ಪೇ ಸರಿ.

ಇನ್ನೊಂದು ಮಾತು. ಯಾವ ಮಾದರಿ ಹಿಡಿದರೂ ಅದರಲ್ಲೊಂದು ತೂತು ಇರುತ್ತದೆ. ಆಟಗಾರರನ್ನು ಚೆನ್ನಾಗಿ ಆರಿಸಿದವನಲ್ಲ, ಹೆಚ್ಚು ಜನರನ್ನು ಆಡಿಸಿದವನು ಗೆಲ್ಲುವ ದಾರಿ ಅದು. ಆ ತೂತು ಎಲ್ಲಿದೆ, ಎಷ್ಟು ಅಂಕೆಯ ಮಿತಿ ಹಾಕಿದರೆ ಮುಚ್ಚುತ್ತದೆ ಎಂದು ಡ್ರಾಫ್ಟ್‌ಗೆ ಮುಂಚೆಯೇ ಬರೆದಿಡಬೇಕು.

ರೋಟೋ

1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರುಮಾಡಿದ ಲೀಗ್‌ಗೆ ಮ್ಯಾನ್‌ಹಟನ್‌ನ ‘ಲಾ ರೋಟಿಸರಿ ಫ್ರಾನ್ಸೇಸ್’ ಎಂಬ ಹೋಟೆಲಿನಿಂದ ಹೆಸರು ಬಂತು. ಆಗ ಎಂಟು ಕ್ಯಾಟಗರಿ (ಹೋಮ್ ರನ್‌ನಂಥ ಅಂಕಿಯ ವಿಭಾಗ) ಇದ್ದವು. ರನ್ ಮತ್ತು ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಸೇರಿ ಈಗ ಹತ್ತು. 12 ತಂಡವಿದ್ದರೆ ಪ್ರತಿ ಕ್ಯಾಟಗರಿಯಲ್ಲಿ ಮೊದಲಿನವನಿಗೆ 12, ಕೊನೆಯವನಿಗೆ 1. ಸಮ ಬಂದರೆ ಹಂಚಿಕೆ. ಒಟ್ಟು 780 ಅಂಕ, ತಂಡಕ್ಕೆ ಸರಾಸರಿ 65. ರೂಢಿಯ ತಂಡದಲ್ಲಿ 23 ಜನ, 14 ಬ್ಯಾಟರ್, 9 ಪಿಚರ್ (ಚೆಂಡು ಎಸೆಯುವವರು).

ಇಲ್ಲಿನ ತೂತು ಪಿಚರ್‌ಗಳು ಎಸೆಯುವ ಇನಿಂಗ್ಸ್. ಸ್ಟ್ರೈಕೌಟ್, ವಿನ್ (ಪಿಚರ್ ಹೆಸರಿಗೆ ಬರೆಯುವ ಗೆಲುವು) ಎರಡೂ ಎಸೆದಷ್ಟೂ ಏರುತ್ತವೆ. ಮಿತಿ ಇಲ್ಲದಿದ್ದರೆ ದಿನಾ ಬೆಳಗ್ಗೆ ಯಾರೋ ಒಬ್ಬ ಸ್ಟಾರ್ಟರನ್ನು (ಪಂದ್ಯ ಆರಂಭಿಸುವ ಪಿಚರ್) ಎತ್ತಿ, ರಾತ್ರಿ ಬಿಡುವವನು ಈ ಎರಡು ಕ್ಯಾಟಗರಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಲೀಗ್ ನಡೆಸುವ ಸೈಟ್‌ಗಳಲ್ಲಿ ಒಂದಾದ ಯಾಹೂ ರೂಢಿಯಾಗಿ 1400 ಇನಿಂಗ್ಸ್ ಇಡುತ್ತದೆ. ಆರು ಸ್ಟಾರ್ಟರ್ ತಲಾ 165 ಎಸೆದರೆ 990, ಮೂವರು ರಿಲೀವರ್ (ನಡುವೆ ಬಂದು ಎಸೆಯುವವರು) ತಲಾ 65 ಎಸೆದರೆ 195, ಒಟ್ಟು 1185. ಅಂದರೆ 1400ರಲ್ಲಿ ಇನ್ನೂ 215 ಇನಿಂಗ್ಸ್ ಎತ್ತಿ-ಬಿಡುವ ಆಟಕ್ಕೆ ಉಳಿಯುತ್ತದೆ. ಗಾಯಾಳುಗಳ ಜಾಗ ತುಂಬಲು ಅದರಲ್ಲಿ ಸ್ವಲ್ಪ ಬೇಕೇಬೇಕು. 1250ಕ್ಕೆ ಇಳಿಸಿದರೆ ಗುಣಮಟ್ಟದ ಪಿಚರ್‌ಗಳ ಬೆಲೆ ಏರುತ್ತದೆ, ನನಗೆ ಅದೇ ಇಷ್ಟ.

ಕೆಳಗಿನ ಮಿತಿಯನ್ನು ಜನ ಮರೆಯುತ್ತಾರೆ. ಒಂಬತ್ತೂ ಜಾಗದಲ್ಲಿ ರಿಲೀವರ್‌ಗಳನ್ನೇ ಕೂರಿಸಿ ಇ.ಆರ್.ಎ. (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್), ವಿಪ್ (ಇನಿಂಗ್ಸ್‌ಗೆ ಕೊಟ್ಟ ಹಿಟ್ ಮತ್ತು ಪುಕ್ಕಟೆ ಬೇಸ್), ಸೇವ್ (ಮುನ್ನಡೆ ಕಾಯ್ದು ಪಂದ್ಯ ಮುಗಿಸಿದ್ದು) ಮೂರನ್ನೂ ಹೊಡೆಯುವ ತಂತ್ರ ಹಳೆಯದು. 1000 ಇನಿಂಗ್ಸ್ ಮುಟ್ಟದ ತಂಡಕ್ಕೆ ಇ.ಆರ್.ಎ. ಮತ್ತು ವಿಪ್‌ನಲ್ಲಿ ಕೊನೆಯ ಸ್ಥಾನ ಎಂದು ಬರೆಯಿರಿ. ಇನ್ನು ಕೆಲವು ಸೈಟ್‌ಗಳಲ್ಲಿ ಮಿತಿ ದಾಟುವ ದಿನದ ಅಂಕಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ. 1399ರಲ್ಲಿ ನಿಂತು, ಒಳ್ಳೆಯ ದಿನ ನೋಡಿ, ಆರು ಸ್ಟಾರ್ಟರ್‌ಗಳನ್ನು ಒಟ್ಟಿಗೆ ಇಳಿಸುವ ಜಾಣರಿದ್ದಾರೆ. ಸೈಟ್ ಇದನ್ನು ತಡೆಯುವುದಿಲ್ಲ, ಲೀಗ್‌ನ ನಿಯಮವೇ ತಡೆಯಬೇಕು: ದಾಟಿದ ಇನಿಂಗ್ಸ್ 5ಕ್ಕಿಂತ ಹೆಚ್ಚಾದರೆ ಸ್ಟ್ರೈಕೌಟ್‌ನಲ್ಲಿ ಒಂದು ಅಂಕ ಕಡಿತ. ಬ್ಯಾಟರ್‌ಗಳಿಗೆ ಪ್ರತಿ ಸ್ಥಾನಕ್ಕೆ 162 ಪಂದ್ಯ ಎಂಬ ಮಿತಿ ಸಾಕು.

ಕ್ಯಾಟಗರಿ ಬದಲಿಸುವುದೇ ಎಲ್ಲಕ್ಕಿಂತ ಅಗ್ಗದ ಪ್ರಯೋಗ. ಬ್ಯಾಟಿಂಗ್ ಆವರೇಜ್ (ಹಿಟ್‌ಗಳ ಪ್ರಮಾಣ) ತೆಗೆದು ಆನ್-ಬೇಸ್ (ಪುಕ್ಕಟೆ ಬೇಸ್ ಕೊಡುವ ವಾಕ್ ಕೂಡ ಸೇರಿ, ಬೇಸ್ ತಲುಪಿದ ಪ್ರಮಾಣ) ಹಾಕಿ ನೋಡಿ. 2023ರಲ್ಲಿ ಕೈಲ್ ಶ್ವಾರ್ಬರ್ 47 ಹೋಮ್ ರನ್ ಹೊಡೆದರೂ ಆವರೇಜ್ 0.197, ಆನ್-ಬೇಸ್ 0.343. ಒಂದು ಲೀಗ್‌ನಲ್ಲಿ ಆವರೇಜನ್ನು ಮುಳುಗಿಸುವವನು, ಇನ್ನೊಂದರಲ್ಲಿ ಆಧಾರಸ್ತಂಭ. ಹಿಟ್ ಹೆಚ್ಚು, ವಾಕ್ ಕಡಿಮೆ ಇರುವ ಲೂಯಿಸ್ ಅರಾಯೆಸ್‌ನದು ಇದಕ್ಕೆ ತಿರುಗುಮುರುಗು. ಸೇವ್ ಬದಲು ಸೇವ್ ಮತ್ತು ಹೋಲ್ಡ್ (ನಡುವೆ ಬಂದು ಮುನ್ನಡೆ ಕಾಯ್ದದ್ದು) ಎರಡನ್ನೂ ಕೂಡಿಸಿದರೆ, ಪಂದ್ಯ ಮುಗಿಸಿ ಸೇವ್ ಗಳಿಸುವ ಕ್ಲೋಸರ್ ಕೆಲಸ ಯಾರಿಗೆ ಸಿಕ್ಕಿತು ಎಂದು ಫೋನ್ ಹಿಡಿದು ಕೂರುವ ಪೈಪೋಟಿ ತಗ್ಗುತ್ತದೆ. ಸ್ಟೋಲನ್ ಬೇಸ್‌ನ (ಹಿಟ್ ಇಲ್ಲದೆ ಓಡಿ ಕದ್ದ ಬೇಸ್) ಹಳೆಯ ಲೆಕ್ಕ ಮಾತ್ರ ನಂಬಬೇಡಿ. 2023ರಲ್ಲಿ ಪಿಚ್ ಗಡಿಯಾರ (ಎಸೆತಕ್ಕೆ ಸಮಯದ ಮಿತಿ) ಬಂತು, ಬೇಸ್ 15ರಿಂದ 18 ಇಂಚಿಗೆ ಬೆಳೆಯಿತು, ಪಿಕಾಫ್‌ಗೆ (ಓಡಲು ಹೊಂಚುವವನನ್ನು ಔಟ್ ಮಾಡಲು ಬೇಸ್‌ನತ್ತ ಎಸೆಯುವುದು) ಮಿತಿ ಬಿತ್ತು. 2022ರಲ್ಲಿ 2,486 ಇದ್ದ ಕಳವು 3,503ಕ್ಕೆ ಏರಿತು. ‘30 ಕದ್ದವನು ಅಪರೂಪ’ ಎಂದು ಅದಕ್ಕೂ ಮುಂಚಿನ ಬೆಲೆಪಟ್ಟಿ ಹಿಡಿದು ಕೂತವರು ಹರಾಜಿನಲ್ಲಿ ಸುಮ್ಮನೆ ದುಡ್ಡು ಸುರಿಯುತ್ತಾರೆ.

ಹೆಡ್ ಟು ಹೆಡ್ ಮತ್ತು ಪಾಯಿಂಟ್ಸ್

ವಾರವಾರ ಒಬ್ಬರಿಗೊಬ್ಬರು ಎದುರಾಗುವ ಮಾದರಿಯಲ್ಲಿ ಮಜಾ ಹೆಚ್ಚು, ಅದೃಷ್ಟವೂ ಹೆಚ್ಚು. ವಾರಕ್ಕೊಂದೇ ಗೆಲುವು-ಸೋಲು ಎಂದರೆ 22 ವಾರದಲ್ಲಿ 22 ಫಲಿತಾಂಶ, ಅಷ್ಟರಿಂದ ಯಾರು ಉತ್ತಮ ಎಂದು ಹೇಳಲಾಗದು. ಪ್ರತಿ ಕ್ಯಾಟಗರಿಯನ್ನೂ ಎಣಿಸಿದರೆ 220 ಆಗುತ್ತದೆ. ಪ್ರತಿ ಅಂಕಿಗೂ ಅಂಕ ಕೊಟ್ಟು ಒಂದೇ ಮೊತ್ತ ಮಾಡುವ ಪಾಯಿಂಟ್ಸ್ ಲೀಗ್‌ನಲ್ಲಿ ಅದು ಆಗದು, ಅಲ್ಲಿ ಎದುರಾಳಿಯ ಜೊತೆಗೆ ಆ ವಾರದ ಲೀಗ್‌ನ ನಡುಮಟ್ಟದ ಸ್ಕೋರ್ ವಿರುದ್ಧವೂ ಒಂದು ಪಂದ್ಯ ಇಡಬಹುದು. ಫಲಿತಾಂಶ 44ಕ್ಕೆ ಏರುತ್ತದೆ, ಮತ್ತು ವಾರದ ಎರಡನೇ ಅತಿ ಹೆಚ್ಚು ಸ್ಕೋರ್ ಮಾಡಿ ಮೊದಲನೆಯವನ ಕೈಗೆ ಸಿಕ್ಕಿ ಸೋತವನ ಹೊಟ್ಟೆಯುರಿ ಅರ್ಧ ಇಳಿಯುತ್ತದೆ. ಪ್ರತಿ ವಾರ ಎಲ್ಲ 11 ತಂಡಗಳ ವಿರುದ್ಧವೂ ಲೆಕ್ಕ ಹಾಕಿದರೆ 242. ನ್ಯಾಯದಲ್ಲಿ ಅದೇ ಉತ್ತಮ, ಆದರೆ ‘ಈ ವಾರ ನಿನ್ನನ್ನು ನೋಡಿಕೊಳ್ಳುತ್ತೇನೆ’ ಎನ್ನುವ ಕಾಲೆಳೆತ ಸತ್ತುಹೋಗುತ್ತದೆ. ಆ ಕಾಲೆಳೆತಕ್ಕಾಗಿಯೇ ಈ ಮಾದರಿ ಇರುವುದು.

ಕ್ಯಾಟಗರಿ ಲೀಗ್‌ನಲ್ಲಿ ಮಂಗಳವಾರವೇ ಒಳ್ಳೆಯ ಇ.ಆರ್.ಎ. ಸಿಕ್ಕಿದವನು ಉಳಿದ ಪಿಚರ್‌ಗಳನ್ನೆಲ್ಲ ಬೆಂಚಿಗೆ ಕಳಿಸುತ್ತಾನೆ. ಅದಕ್ಕೆ ವಾರಕ್ಕೆ ಕನಿಷ್ಠ 20 ಇನಿಂಗ್ಸ್. ತಂಡ ದೊಡ್ಡದಿದ್ದರೆ 25. ಮೇಲಿನ ಮಿತಿ ವಾರಕ್ಕೆ 10 ಸ್ಟಾರ್ಟ್ (ಪಿಚರ್ ಪಂದ್ಯ ಆರಂಭಿಸಿದ ಸಲ). ಸೈಟ್‌ನಲ್ಲಿ ಸ್ಟಾರ್ಟ್ ಮಿತಿ ಇಡುವ ಅನುಕೂಲ ಇಲ್ಲದಿದ್ದರೆ ವಾರಕ್ಕೆ 5 ಹೊಸ ಸೇರ್ಪಡೆ ಎಂದು ಕಟ್ಟಿಹಾಕಿ.

ಪಾಯಿಂಟ್ಸ್‌ನಲ್ಲಿ ತೂಕ ಸರಿಯಾಗಿದೆಯೇ ಎಂದು ಕಾಗದದ ಮೇಲೆ ಮೊದಲೇ ನೋಡಬೇಕು. ನಾನು ಶುರುಮಾಡುವುದು ಹೀಗೆ: ಬ್ಯಾಟರ್‌ಗೆ ಹಿಟ್‌ನಿಂದ ಪಡೆದ ಪ್ರತಿ ಬೇಸ್‌ಗೆ 1, ರನ್ 1, ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್) 1, ವಾಕ್ 1, ಕಳವು 1, ಔಟಾದ ಸ್ಟ್ರೈಕೌಟ್‌ಗೆ ಕಳೆ 1. ಪಿಚರ್‌ಗೆ ಇನಿಂಗ್ಸ್‌ಗೆ 3, ಸ್ಟ್ರೈಕೌಟ್ 1, ಹಿಟ್ ಕಳೆ 1, ವಾಕ್ ಕಳೆ 1, ಅರ್ನ್‌ಡ್ ರನ್ (ಫೀಲ್ಡಿಂಗ್ ತಪ್ಪಿಲ್ಲದೆ ಬಿಟ್ಟುಕೊಟ್ಟ ರನ್) ಕಳೆ 2, ವಿನ್ 2, ಸೋಲು ಕಳೆ 2, ಸೇವ್ 5. ಈಗ 280 ಬೇಸ್, 85 ರನ್, 85 ಆರ್‌ಬಿಐ, 60 ವಾಕ್, 10 ಕಳವು, 130 ಸ್ಟ್ರೈಕೌಟ್ ಇರುವ ಒಳ್ಳೆಯ ಬ್ಯಾಟರ್‌ನ ಸೀಸನ್ 390. 180 ಇನಿಂಗ್ಸ್, 190 ಸ್ಟ್ರೈಕೌಟ್, 150 ಹಿಟ್, 50 ವಾಕ್, 70 ರನ್, 12-8 ದಾಖಲೆಯ ಪಿಚರ್‌ಗೆ 398. ಸೀಸನ್‌ನಲ್ಲಿ ಸಮವೇ. ಆದರೆ ವಾರದ ಲೆಕ್ಕ ಬೇರೆ. ಬ್ಯಾಟರ್ ಆರು ಪಂದ್ಯದಲ್ಲಿ ತರುವುದು ಸುಮಾರು 15, ಪಿಚರ್ ಒಂದು ಸ್ಟಾರ್ಟ್‌ನಲ್ಲಿ ಸುಮಾರು 12. ವಾರಕ್ಕೆ ಎರಡು ಬಾರಿ ಇಳಿದರೆ 25. ಸಾಧಾರಣ ಪಿಚರ್ ಎರಡು ಸ್ಟಾರ್ಟ್‌ನಲ್ಲಿ ತಾರೆಯೊಬ್ಬನನ್ನು ಮೀರಿಸುತ್ತಾನೆ. ಹಾಗಾಗಿ ಸ್ಟಾರ್ಟ್ ಮಿತಿ ಇಲ್ಲದ ಪಾಯಿಂಟ್ಸ್ ಲೀಗ್ ಬೇಡವೇ ಬೇಡ. ಮಿತಿಯಲ್ಲೂ ಕೊನೆಯ ದಿನದ ಅದೇ ಜಾಣತನ ಬರುತ್ತದೆ. ಶನಿವಾರಕ್ಕೆ 9 ಮುಗಿಸಿ ಭಾನುವಾರ ಐವರನ್ನು ಇಳಿಸುತ್ತಾರೆ. ದಾಟಿದಷ್ಟು ಸ್ಟಾರ್ಟ್ ಮುಂದಿನ ವಾರದ ಮಿತಿಯಿಂದ ಕಡಿತ ಎಂದರೆ ತಾನಾಗಿ ನಿಲ್ಲುತ್ತದೆ.

ವೇಳಾಪಟ್ಟಿಯಲ್ಲಿ ಕೈಯಾರೆ ತಿದ್ದಬೇಕಾದ ಜಾಗ ಮೂರಿವೆ. 2024ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ, 2025ರಲ್ಲಿ ಟೋಕಿಯೊದಲ್ಲಿ ಎರಡೇ ತಂಡಗಳು ಉಳಿದವರಿಗಿಂತ ವಾರದಷ್ಟು ಮೊದಲೇ ಆಡಿದವು; ಇಂಥ ಪಂದ್ಯಗಳನ್ನು ಮೊದಲ ವಾರಕ್ಕೆ ಸೇರಿಸುತ್ತೀರೋ ಇಲ್ಲವೋ ಎಂದು ಡ್ರಾಫ್ಟ್ ದಿನಕ್ಕೆ ಮುಂಚೆ ಹೇಳಿ. ಜುಲೈನ ಆಲ್-ಸ್ಟಾರ್ ಬಿಡುವಿನ ವಾರವನ್ನು ಮುಂದಿನದಕ್ಕೆ ಜೋಡಿಸಿ ಹದಿನಾಲ್ಕು ದಿನದ ಪಂದ್ಯ ಮಾಡಿ, ಸ್ಟಾರ್ಟ್ ಮಿತಿಯನ್ನು 10ರಿಂದ 16ಕ್ಕೆ ಏರಿಸಿ. ಫೈನಲನ್ನು ಸೀಸನ್‌ನ ಕೊನೆಯ ವಾರಕ್ಕೆ ಇಡಬೇಡಿ. ಪ್ಲೇಆಫ್ ಖಾತ್ರಿಯಾದ ತಂಡಗಳು ಆ ವಾರ ಏಸ್ ಪಿಚರ್‌ಗಳಿಗೆ ವಿಶ್ರಾಂತಿ ಕೊಡುತ್ತವೆ.

ಹರಾಜು ಮತ್ತು ಉಳಿಕೆ

ಸುತ್ತುಸುತ್ತಿಗೂ ಸರದಿ ತಿರುಗುವ ಸ್ನೇಕ್ ಡ್ರಾಫ್ಟ್‌ಗಿಂತ ಹರಾಜು ನ್ಯಾಯ, ಏಕೆಂದರೆ ಬೇಕೆಂದವನಿಗೆ ಯಾರನ್ನಾದರೂ ಕೊಳ್ಳುವ ಅವಕಾಶವಿದೆ. ತಂಡಕ್ಕೆ 260 ಕಾಲ್ಪನಿಕ ಡಾಲರ್, 12 ತಂಡಕ್ಕೆ 3,120. 276 ಜನರನ್ನು ತಲಾ 40 ಸೆಕೆಂಡಿನಂತೆ ಕೂಗಿದರೂ ಮೂರು ತಾಸು ಮೀರುತ್ತದೆ. ನಡುವೆ ಎರಡು ಬಿಡುವು ಇಡಿ. ಗರಿಷ್ಠ ಬಿಡ್ ಎಂದರೆ ಉಳಿದ ಹಣದಿಂದ, ಇನ್ನೂ ತುಂಬಬೇಕಾದ ಜಾಗಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವಕ್ಕೆ ತಲಾ ಒಂದು ಡಾಲರ್ ಕಳೆದದ್ದು. ಸೀಸನ್ ನಡುವಿನ ಸೇರ್ಪಡೆಗೂ ವೇವರ್ ಸರದಿಗಿಂತ (ಯಾರ ತಂಡದಲ್ಲೂ ಇಲ್ಲದವರನ್ನು ಎತ್ತಿಕೊಳ್ಳುವ ಸರದಿ) ಗುಟ್ಟಿನ ಬಿಡ್ ಒಳ್ಳೆಯದು. ವರ್ಷಕ್ಕೆ 100 ಡಾಲರ್ ಕಾಲ್ಪನಿಕ ಹಣ, ಸರ್ಕಾರಿ ಟೆಂಡರಿನ ಹಾಗೆ ಲಕೋಟೆ ಮುಚ್ಚಿ ಹಾಕಬೇಕು, ಭಾನುವಾರ ರಾತ್ರಿ ತೆರೆಯಬೇಕು. ಇದರಿಂದ ಬೆಂಗಳೂರಿನಲ್ಲಿ ನಿದ್ದೆ ಮಾಡುತ್ತಿದ್ದವನಿಗೆ ಅನ್ಯಾಯವಾಗುವುದಿಲ್ಲ. ನಿಜವಾದ ಹಣದ ಪ್ರಶ್ನೆ ಬಂದರೆ, 2025ರ ಕಾನೂನಿನ ನಂತರ ಭಾರತದಲ್ಲಿ ಹಣ ಹೂಡಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧವಿದೆ. ಅಲ್ಲಿ ಇರುವವರಿಂದ ಶುಲ್ಕ ಎತ್ತಬೇಡಿ.

ಆಟಗಾರರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಕೀಪರ್ ಲೀಗ್‌ನಲ್ಲೇ ಜಗಳ ಜಾಸ್ತಿ. ಹಳೆಯ ರೋಟೋ ಒಪ್ಪಂದ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. 10 ಡಾಲರಿಗೆ ಕೊಂಡವನು ಎರಡನೇ ವರ್ಷವೂ 10. ಮೂರನೇ ವರ್ಷದ ಹೊಸ್ತಿಲಲ್ಲಿ ಅವನನ್ನು ಬಿಡಬೇಕು, ಅಥವಾ ಅದೇ ಬೆಲೆಗೆ ಕೊನೆಯ ವರ್ಷ ಆಡಿಸಬೇಕು, ಅಥವಾ ಹೆಚ್ಚುವರಿ ವರ್ಷಕ್ಕೆ 5ರಂತೆ ಬೆಲೆ ಏರಿಸಿ ಸಹಿ ಹಾಕಬೇಕು. ಓಟೋನ್ಯೂ ಎಂಬ ಸೈಟ್‌ನ ಮಾದರಿ ಇನ್ನೂ ಬಿಗಿ: 40 ಜನರ ತಂಡ, 400 ಡಾಲರ್ ಮಿತಿ, ಉಳಿಸಿಕೊಂಡ ಮೇಜರ್ ಲೀಗ್ ಆಟಗಾರನ ಬೆಲೆ ವರ್ಷಕ್ಕೆ 2 ಡಾಲರ್ ಏರುತ್ತದೆ, ಮೇಲೆ ಎದುರಾಳಿಗಳೂ ಸೇರಿ ಅವನ ಬೆಲೆ ಏರಿಸಬಹುದು.

ಅಗ್ಗದ ಉಳಿಕೆ ಹೆಚ್ಚಿದಷ್ಟೂ ಹರಾಜು ಕಾವೇರುತ್ತದೆ. ಎಲ್ಲರೂ ಸೇರಿ 1,500 ಡಾಲರ್ ಯೋಗ್ಯತೆಯವರನ್ನು 1,000 ಡಾಲರಿಗೆ ಉಳಿಸಿಕೊಂಡರೆ, 1,620 ಡಾಲರಿನ ಸರಕಿಗೆ 2,120 ಡಾಲರ್ ಕೂಗಾಡುತ್ತದೆ. ಬೆಲೆ ಶೇ. 31 ಉಬ್ಬುತ್ತದೆ, 30ರ ಆಟಗಾರ 39ಕ್ಕೆ ಹೋಗುತ್ತಾನೆ. ಈ ಗುಣಾಕಾರ ಮಾಡದೆ ಬಂದವನು ಮೊದಲ ತಾಸು ‘ದುಬಾರಿ’ ಎನ್ನುತ್ತಾ ಕೂತು, ಕೊನೆಗೆ ಖರ್ಚಾಗದ ಹಣ ಹಿಡಿದುಕೊಂಡು ಉಳಿಯುತ್ತಾನೆ.

ಕೀಪರ್ ಲೀಗ್‌ನ ದೊಡ್ಡ ರೋಗ ಜುಲೈ ತಿಂಗಳಿನದು. ಸೋತ ತಂಡ ತನ್ನ ತಾರೆಗಳನ್ನೆಲ್ಲ ಒಬ್ಬನಿಗೆ ಕೊಟ್ಟು ಹೊಸ ಹುಡುಗರನ್ನು ಪಡೆಯುತ್ತದೆ. ಇಬ್ಬರಿಗೂ ಲಾಭ, ಉಳಿದ ಹತ್ತು ಜನಕ್ಕೆ ನಷ್ಟ. ವೋಟ್ ಹಾಕಿ ವ್ಯವಹಾರ ರದ್ದು ಮಾಡುವ ಪದ್ಧತಿ ಇಟ್ಟರೆ ಪ್ರತಿಯೊಬ್ಬ ತನ್ನ ಲಾಭ ನೋಡಿಯೇ ವೋಟ್ ಹಾಕುತ್ತಾನೆ. ಅದರ ಬದಲು ಸೀಸನ್ ನಡುವೆಯೂ ತಂಡದ ಒಟ್ಟು ಸಂಬಳ (ಆಟಗಾರರ ಬೆಲೆಗಳ ಮೊತ್ತ) 330 ಡಾಲರ್ ಮೀರಬಾರದು ಎಂದು ಇಡಿ. ತಾರೆಗಳು ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ಮುಂದಿನ ವರ್ಷದ ಮೊದಲ ಆಯ್ಕೆಯನ್ನು ಕೊನೆಯವನಿಗಲ್ಲ, ಬಹುಮಾನ ತಪ್ಪಿದವರಲ್ಲಿ ಮುಂದಿರುವವನಿಗೆ ಕೊಡಿ. ಹೊಸ ಹುಡುಗರ ಜಾಗ ತಂಡಕ್ಕೆ ಐದು ಸಾಕು. 130 ಅಟ್-ಬ್ಯಾಟ್ ಅಥವಾ 50 ಇನಿಂಗ್ಸ್ ದಾಟಿದವನು ಮುಖ್ಯ ತಂಡಕ್ಕೆ ಏರಲೇಬೇಕು.

ಉಳಿದವು

ಮೇಜರ್ ಲೀಗ್‌ನ ಎರಡು ಅರ್ಧಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್‌ಗಳಲ್ಲಿ ಒಂದನ್ನೇ ಹಿಡಿದು ಆಡುವುದಾದರೆ ತಂಡಗಳ ಸಂಖ್ಯೆ ಇಳಿಸಿ. 15 ತಂಡಕ್ಕೆ ತಲಾ 9ರಂತೆ ಕಾಯಂ ಬ್ಯಾಟರ್‌ಗಳು 135. ನಿಮ್ಮ 12 ತಂಡಕ್ಕೆ ಬೇಕಾದವರು 168. ಒಂಬತ್ತು ತಂಡವಾದರೆ 126, ಉಸಿರಾಡಬಹುದು. ನಿಮ್ಮ ಆಟಗಾರ ಜುಲೈನಲ್ಲಿ ಇನ್ನೊಂದು ಲೀಗ್‌ಗೆ ಮಾರಾಟವಾದರೆ ಅವನ ಅಂಕ ಸಿಗುತ್ತದೋ ಇಲ್ಲವೋ ಎಂಬುದನ್ನು ಮೊದಲೇ ತೀರ್ಮಾನಿಸಿ.

ಬೆಸ್ಟ್ ಬಾಲ್ ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು. ಪಾಯಿಂಟ್ಸ್ ಲೆಕ್ಕ, 36-40 ಸುತ್ತಿನ ಡ್ರಾಫ್ಟ್, ಅಷ್ಟೇ. ಪ್ರತಿ ವಾರ ಅತ್ಯುತ್ತಮ ಲೈನಪ್ಪನ್ನು ಸೈಟೇ ಆರಿಸುತ್ತದೆ. ಪಿಚರ್‌ಗಳ ತೋಳು ಕೈಕೊಡುವುದು ಖಚಿತ, ಆದ್ದರಿಂದ 15ಕ್ಕಿಂತ ಕಡಿಮೆ ಪಿಚರ್ ಬೇಡ, ಕ್ಯಾಚರ್ ಮೂವರು.

ಗಿಲೊಟಿನ್ ಮಾದರಿಯಲ್ಲಿ ಪ್ರತಿ ಅವಧಿಗೂ ಅತಿ ಕಡಿಮೆ ಸ್ಕೋರಿನ ತಂಡ ಹೊರಗೆ, ಅದರ ಆಟಗಾರರೆಲ್ಲ ಗುಟ್ಟಿನ ಬಿಡ್‌ಗೆ. ಬೇಸ್‌ಬಾಲ್‌ನಲ್ಲಿ ಒಂದು ವಾರದ ಅವಧಿ ತೀರ ಚಿಕ್ಕದು. ಎರಡು ವಾರ ಇಟ್ಟರೆ 12 ತಂಡದಲ್ಲಿ 11 ತಲೆ ಉರುಳಲು 22 ವಾರ, ಸೆಪ್ಟೆಂಬರ್ ಆರಂಭಕ್ಕೆ ಮುಗಿಯುತ್ತದೆ. ಬಿಡ್ ಹಣ 1,000 ಕೊಡಿ, ಆಟಗಾರರ ವಿನಿಮಯ ಪೂರ್ತಿ ನಿಷೇಧಿಸಿ; ಇಲ್ಲದಿದ್ದರೆ ಸಾಯುವ ತಂಡ ಗೆಳೆಯನಿಗೆ ಆಸ್ತಿ ಬರೆದುಕೊಡುತ್ತದೆ. ಹೊರಬಿದ್ದ ಕ್ಷಣವೇ ಆ ತಂಡಕ್ಕೆ ಕಮಿಷನರ್ ಬೀಗ ಹಾಕಬೇಕು.

ಯಾವ ಮಾದರಿಯಾದರೂ ಬ್ಯಾಟಿಂಗ್, ಪಿಚಿಂಗ್ ಎರಡೂ ಮಾಡುವ ಶೋಹೇ ಒಹ್ತಾನಿಗೆ ನಿಯಮದಲ್ಲಿ ಒಂದು ಸಾಲು ಬೇಕು. ಯಾಹೂನಲ್ಲಿ ಅವನು ಇಬ್ಬರು, ಬ್ಯಾಟರ್ ಬೇರೆ, ಪಿಚರ್ ಬೇರೆ. ಕೆಲವು ಸೈಟ್‌ಗಳಲ್ಲಿ ಒಬ್ಬನೇ. 2024ರಲ್ಲಿ ಒಂದು ಚೆಂಡೂ ಎಸೆಯದೆ 54 ಹೋಮ್ ರನ್, 59 ಕಳವು ಮಾಡಿದವನು ಅವನು. 2025ರಲ್ಲಿ ಮತ್ತೆ ಎಸೆಯತೊಡಗಿದ. ಒಬ್ಬನೇ ಎಂದು ಎಣಿಸುವ ಸೈಟ್‌ನಲ್ಲಿ ವಾರದ ಲೈನಪ್ ಇದ್ದರೆ, ಸೋಮವಾರ ಅವನನ್ನು ಯಾವ ಜಾಗದಲ್ಲಿ ಕೂರಿಸಿದಿರೋ ಆ ಕೆಲಸದ ಅಂಕ ಮಾತ್ರ ಎಂದು ನಿಯಮದಲ್ಲಿ ಬರೆದು, ಹರಾಜಿಗೆ ಮುಂಚೆ ಎಲ್ಲರಿಗೂ ಓದಿಹೇಳಿ.