ಬಿದ್ದ ಹೆಬ್ಬಲಸಿನಿಂದ ಬಾಗಿಲು ಮಾಡಿಸುವುದು

ನಮ್ಮ ಅಡಿಕೆ ತೋಟದ ಮೇಲೆ, ಕಾಡು ಶುರುವಾಗುವ ಜಾಗದಲ್ಲಿ, ಒಂದು ಹೆಬ್ಬಲಸಿನ ಮರ ಇತ್ತು. ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಗಾಳಿಗೆ ಬುಡಸಮೇತ ಮಗುಚಿತು. ಮರುದಿನವೇ ಒಬ್ಬರು ವ್ಯಾಪಾರಿ ಬಂದರು. "ಕಾಡುಹಲಸು ಅಲ್ವಾ ಅಕ್ಕಾ, ಸೌದೆಗೆ ಆಗ್ತದೆ ಅಷ್ಟೇ" ಅಂದರು. ಬರೀ ಸೌದೆಗೆ ಇಷ್ಟು ಬೇಗ ಯಾರು ಗುಡ್ಡ ಹತ್ತುತ್ತಾರೆ? ಕೊಡಲಿಲ್ಲ. ಈಗ ನಮ್ಮ ಎದುರು ಬಾಗಿಲು, ಅದರ ದಾರಂದ (ಚೌಕಟ್ಟು), ಎರಡು ಕಿಟಕಿ ಎಲ್ಲ ಅದೇ ಮರದ್ದು. ದಾರಿಯಲ್ಲಿ ತಪ್ಪು ಮಾಡಿದ್ದೂ ಉಂಟು. ನಿಮ್ಮಲ್ಲೂ ಮರ ಬಿದ್ದಿದ್ದರೆ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ಮೊದಲು ಮರ ಅದೇ ಹೌದಾ ನೋಡಿ. ತುಳುವಿನಲ್ಲಿ ಪೆಜಕಾಯಿ ಅನ್ನುವುದು, ಮಲಯಾಳಂನಲ್ಲಿ ಆಂಜಿಲಿ ಅಥವಾ ಅಯನಿ ಅನ್ನುವುದು ಇದನ್ನೇ. ಪಶ್ಚಿಮ ಘಟ್ಟದ ಮಳೆಕಾಡು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಊರಹಲಸಿನ ಎಲೆ ನುಣುಪು. ಇದರ ಎಲೆಯ ಅಡಿಯಲ್ಲಿ ಒರಟು ರೋಮ ಇರುತ್ತದೆ. ಹಲಸು ಕಾಂಡದಲ್ಲೇ ಕಾಯಿ ಬಿಡುತ್ತದೆ. ಹೆಬ್ಬಲಸಿನ ಮುಷ್ಟಿ ಗಾತ್ರದ ಮುಳ್ಳುಕಾಯಿ ಇರುವುದು ಎಲೆಯ ನಡುವೆ, ರೆಂಬೆಯ ತುದಿಯಲ್ಲಿ. ಅಷ್ಟೆತ್ತರದ ಆ ಹಣ್ಣು ಮಂಗಗಳಿಗೆ ಮೊದಲು, ಆಮೇಲೆ ನಮಗೆ.

ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರ, ಅದೂ ತಾನಾಗಿ ಬಿದ್ದದ್ದು ಎಂದು ಸುಮ್ನೆ ಲಾರಿಗೆ ಹೇರಬೇಡಿ. ಬಿದ್ದಲ್ಲೇ ಫೋಟೊ ತೆಗೆದಿಡಿ, ಪಹಣಿ ಹಿಡಿದುಕೊಂಡು ಹೋಗಿ, ಸಾಗಾಟದ ಪಾಸ್ ಕೇಳಿ. ನನಗೆ ಮೂರು ಸಲ ಓಡಾಟ ಆಯಿತು. ಮೂರೂ ಸಲ "ಯಜಮಾನರು ಬರಲಿಲ್ವಾ" ಎಂದು ಕೇಳಿದರು. ಮರ ನನ್ನ ಹೆಸರಿನ ಜಾಗದ್ದು.

ಇನ್ನು ಅಳತೆ. ಇದು ಗೊತ್ತಿಲ್ಲದಿದ್ದರೆ ಮಾರುವಾಗ ಮೋಸ, ಕೊಯ್ಸುವಾಗಲೂ ಮೋಸ. ದಿಮ್ಮಿಯ ನಡುವಿನ ಸುತ್ತಳತೆ ಹಿಡಿಯಿರಿ. ಅದರ ಕಾಲು ಭಾಗವನ್ನು ಅದೇ ಕಾಲು ಭಾಗದಿಂದ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ. ಸುತ್ತಳತೆ 6 ಅಡಿ, ಉದ್ದ 10 ಅಡಿ ಆದರೆ 1.5 × 1.5 × 10, ಅಂದರೆ 22.5 ಘನ ಅಡಿ. ನಿಜಕ್ಕೂ ಆ ದಿಮ್ಮಿಯಲ್ಲಿ ಇರುವುದು ಸುಮಾರು 28.6 ಘನ ಅಡಿ. ಉಳಿದದ್ದು ಗರಗಸದ ಹುಡಿ, ಬದಿಯ ಸಿಪ್ಪೆ ಎಂದು ಈ ಲೆಕ್ಕ ಮೊದಲೇ ಬಿಟ್ಟುಬಿಡುತ್ತದೆ. ಹಾಗಾಗಿ ವ್ಯಾಪಾರಿ "ವೇಸ್ಟ್" ಎಂದು ಇನ್ನೊಂದು ಸಲ ಕಳೆಯಲು ಹೊರಟರೆ ಒಪ್ಪಬೇಡಿ.

ಮರ ಹಸಿ ಇರುವಾಗಲೇ ಮಿಲ್ಲಿಗೆ ಸಾಗಿಸಿ. ಒಣಗಿದರೆ ಗರಗಸಕ್ಕೆ ಕಷ್ಟ. ಹಸಿಯಲ್ಲಿ ಮೇಣ ಇರುತ್ತದೆ, ಹಲಸಿನ ಹಾಗೆಯೇ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ.

ನಾನು ಪೆಟ್ಟು ತಿಂದದ್ದು ಇಲ್ಲಿ. ಕೊಯ್ದ ಮರದಲ್ಲಿ ಹೊರಗೆ ಬಿಳಿಯ ಪಟ್ಟಿ, ಒಳಗೆ ಹಳದಿ ಚೇಗು ಕಾಣುತ್ತದೆ. ಹೆಬ್ಬಲಸಿಗೆ ಗೆದ್ದಲು ಮುಟ್ಟುವುದಿಲ್ಲ, ನೀರು ತಾಳುತ್ತದೆ ಎಂದು ಹಿರಿಯರು ಹೇಳುವುದು ಚೇಗಿನ ಬಗ್ಗೆ ಮಾತ್ರ. ಬಿಳಿಯದ್ದು ಕುಟ್ಟೆ ಹುಳಕ್ಕೆ ಹಬ್ಬದ ಊಟ. ಮಿಲ್ಲಿನವರು "ಒಂದಿಂಚು ಬಿಳಿ ಇದ್ದರೆ ಏನಾಗಲ್ಲ" ಅಂದರು, ಮರ ಉಳಿಯುತ್ತದಲ್ಲ ಎಂದು ನಾನೂ ತಲೆಯಾಡಿಸಿದೆ. ಮೊದಲ ಕಿಟಕಿಯ ಕೆಳಗೆ ಒಂದೇ ವರ್ಷದಲ್ಲಿ ರವೆಯ ಹಾಗೆ ಹುಡಿ ಉದುರಲು ಶುರುವಾಯಿತು. ಅದನ್ನು ಕಿತ್ತು ಹೊಸದು ಮಾಡಿಸಬೇಕಾಯಿತು. ಬಿಳಿ ಪೂರ್ತಿ ತೆಗೆಸಿ. ಹೊಟ್ಟೆ ಉರಿದರೂ ತೆಗೆಸಿ.

ಚೇಗಿನ ತಾಕತ್ತು ತಿಳಿಯಬೇಕಾದರೆ ಕೇರಳದ ದೋಣಿ ನೋಡಿ. ಆಲಪ್ಪುಳದಲ್ಲಿ ಸ್ಪರ್ಧೆಗೆ ಇಳಿಯುವ ನೂರಡಿಗೂ ಉದ್ದದ ಹಾವುದೋಣಿಗಳು ಆಂಜಿಲಿಯವು. 1980ರಲ್ಲಿ ಒಮಾನ್‌ನಲ್ಲಿ ಹಳೇ ಅರಬ್ ಕ್ರಮದಲ್ಲಿ 'ಸೊಹಾರ್' ಎಂಬ ಹಡಗು ಕಟ್ಟಿದಾಗ ಮಲಬಾರಿನ ಇದೇ ಮರ ತರಿಸಿದ್ದರು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಆ ಹಡಗು ಮಸ್ಕತ್‌ನಿಂದ ಚೀನಾ ಮುಟ್ಟಿತು. ನಮ್ಮ ಮಳೆ ಯಾವ ಲೆಕ್ಕ!

ಒಣಗಿಸುವುದಕ್ಕೆ ಅವಸರ ಬೇಡ. ಕೊಯ್ಸಿದ ದಿನವೇ ಹಲಗೆಯ ಎರಡೂ ತುದಿಗೆ ಹಳೇ ಪೇಂಟ್ ದಪ್ಪಗೆ ಬಳಿಯಿರಿ, ಇಲ್ಲದಿದ್ದರೆ ತುದಿ ಸೀಳುತ್ತದೆ. ನೆರಳಿನಲ್ಲಿ, ನೆಲದಿಂದ ಒಂದಡಿ ಮೇಲೆ ಜೋಡಿಸಿ. ಪದರದ ನಡುವೆ ಎರಡೆರಡು ಅಡಿಗೆ ಒಂದರಂತೆ ಒಂದಿಂಚಿನ ರೀಪು ಇಡಿ. ರೀಪುಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಇರಲಿ, ತಪ್ಪಿದರೆ ಹಲಗೆ ಬಾಗುತ್ತದೆ. ಮೇಲೆ ಕೆಂಪುಕಲ್ಲಿನ ಭಾರ ಹೇರಿ. ಬಿಸಿಲಿಗೆ ಹಾಕಲೇಬೇಡಿ. ಒಣಗಿತಾ ಎಂದು ತಿಳಿಯಲು ಒಂದು ತುಂಡನ್ನು ಹದಿನೈದು ದಿನಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಆಚಾರಿಯನ್ನು ಕರೆಯಿರಿ. ನಮ್ಮ ದಾರಂದದ ದಪ್ಪ ತುಂಡುಗಳು ಒಂದು ಮಳೆಗಾಲ ದಾಟಿ ಮತ್ತೊಂದು ಬೇಸಿಗೆಯವರೆಗೆ ಕಾದವು.

ಕೆಲಸದ ಹೊತ್ತಿಗೆ ಆಚಾರಿ ಗೊಣಗಿದರೆ ಆಶ್ಚರ್ಯ ಪಡಬೇಡಿ. ಇದರ ಎಳೆ ಒಂದು ಕಡೆಗೆ, ಪಕ್ಕದ್ದು ಇನ್ನೊಂದು ಕಡೆಗೆ. ಕೀಸುಳಿಯ ಅಲಗು ಚೂಪಾಗಿರಬೇಕು, ತೆಳ್ಳಗೆ ತೆಗೆಯಬೇಕು. ಇಲ್ಲದಿದ್ದರೆ ಮೈ ಕಿತ್ತುಬರುತ್ತದೆ. ಮೊಳೆಗೆ ಮೊದಲೇ ತೂತು ಕೊರೆಯಲಿ. ಬಾಗಿಲಿನ ನಡುಹಲಗೆಗಳಿಗೆ ಅಂಟು ಬೇಡ. ಗ್ರೂವ್‌ನಲ್ಲಿ ಸಡಿಲ ಕೂರಲಿ, ಹಿಗ್ಗಿ ಕುಗ್ಗಲು ಜಾಗ ಬೇಕು. ದಾರಂದದ ಕಾಲನ್ನು ನೆಲಕ್ಕೆ ತಾಗಿಸಬೇಡಿ, ಅಡಿಗೆ ಒಂದೊಂದು ಗ್ರಾನೈಟ್ ತುಂಡು ಕೊಡಿ. ಗೋಡೆಗೆ ತಾಗುವ ಬದಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ಕೈಗೆ ಗ್ಲೌಸ್ ಇರಲಿ, ಅದು ಚರ್ಮ ಸುಡುತ್ತದೆ.

ಎದುರಿಗೆ ಕಾಣುವ ಮೈಗೆ ನಾನು ಹಚ್ಚಿದ್ದು ಅಗಸೆ ಎಣ್ಣೆ, ತೆಳ್ಳಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ. ಹೊಸ ಮರ ಅರಸಿನದ ಹಾಗೆ ಕಾಣುತ್ತದೆ. ಸ್ಟೇನ್ ಬಳಿಯಿರಿ ಎಂದವರಿದ್ದಾರೆ, ನಾನು ಕೇಳಲಿಲ್ಲ. ವರ್ಷ ಕಳೆದಂತೆ ತಾನೇ ಕಂದಾಯಿತು, ಬೆಲ್ಲದ ಬಣ್ಣ ಬಂತು.

ಬಾಗಿಲು ಕೂರಿಸಿದ್ದು ಏಪ್ರಿಲ್‌ನಲ್ಲಿ. ಸುತ್ತಲೂ ಸ್ವಲ್ಪ ಜಾಸ್ತಿ ಸಂದು ಬಿಡಬೇಕಿತ್ತು. ಆಟಿಯಲ್ಲಿ ಈಗಲೂ ಬಿಗಿಯಾಗುತ್ತದೆ, ಭುಜ ಕೊಟ್ಟು ತಳ್ಳಬೇಕು. ದೀಪಾವಳಿ ಹೊತ್ತಿಗೆ ತಾನೇ ಸರಿಹೋಗುತ್ತದೆ. ಅಲ್ಲಿಯವರೆಗೆ ಕೀಸುಳಿ ಹಿಡಿದ ಯಾರನ್ನೂ ನಾನು ಅದರ ಹತ್ತಿರ ಬಿಡುವುದಿಲ್ಲ.